ಕತ್ತಲ ಕೋಣೆಗೆ ಸುಣ್ಣ ಬಳಿದದ್ದು

ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳಿಗೆ ಆಳಂದದ ಹೈಸ್ಕೂಲು ಏನು ಮಹಾ ಎಂದುಕೊಂಡೇ ನಾನು ಆ ವರ್ಷ ಅಲ್ಲಿನ ವಿಜ್ಞಾನ ವಿಭಾಗಕ್ಕೆ ಕಾಲಿಟ್ಟೆ. ನಿಜಾಮರ ಕಾಲ, ಅದರ ಮೇಲೆ ಯುದ್ಧದ ಕಾಲ. ಇದ್ದ ಅಸಿಸ್ಟೆಂಟ್ ಮಾಸ್ತರು ಫೌಜಿಗೆ ಹೋಗಿದ್ದರು. ನಮ್ಮವರು ತಹಸೀಲು ಕಚೇರಿಯಲ್ಲಿದ್ದರು. “ಮನ್ಯಾಗ ಕುಂತು ನನಗ ಇಂಗ್ಲಿಷಿನ್ಯಾಗ ಬೈಯೂದಕ್ಕಿಂತ ಹೋಗಿ ಹುಡುಗ್ರಿಗೆ ಕಲಸೂದು ಚಲೋ,” ಎಂದು ಅವರೇ ಕಳಿಸಿಕೊಟ್ಟರು.

ವಿಭಾಗವೆಂದರೆ ಬೀದಿಗೆ ಮುಖ ಮಾಡಿದ ಒಂದು ಕೋಣೆ, ಒಂದು ಅಲಮಾರಿ ಮತ್ತು ಶರಣಪ್ಪ ಮಾಸ್ತರು. ಈಗ ನೆನೆದರೆ ಅನ್ನಿಸುತ್ತದೆ, ಆ ಮನುಷ್ಯ ಒಬ್ಬರೇ ಒಂದು ಯೂನಿವರ್ಸಿಟಿ. ಮಸಿಯ ಬಾಟಲಿಯಿಂದ ಸ್ಪಿರಿಟ್ ಲ್ಯಾಂಪ್ ಮಾಡಿದ್ದರು. ಲಿಟ್ಮಸ್ ಸಿಗದಿದ್ದಾಗ ದಾಸವಾಳ ಅರೆದು ಕಾಗದಕ್ಕೆ ಬಳಿದಿದ್ದರು. ಪಾಠ ಉರ್ದುವಿನಲ್ಲೇ ಆಗಬೇಕೆಂದು ಸರ್ಕಾರದ ಹುಕುಂ. ಅವರು ಉರ್ದುವಿನಲ್ಲಿ ಹೇಳಿ, ಹುಡುಗರ ಮುಖ ನೋಡಿ, ಅದನ್ನೇ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದರು. ಯಾರಾದರೂ ಕೇಳಿಸಿಕೊಂಡರೆ ಎಂದು ನಾನು ಹೆದರಿದಾಗ, “ಆಕ್ಸಿಜನ್ನಿಗೆ ಯಾವ ಭಾಷಾ ಬರ್ತದರಿ ಅಕ್ಕೋರ?” ಎಂದು ನಕ್ಕಿದ್ದರು.

ಆದರೆ ನಮ್ಮ ಹೈಸ್ಕೂಲಿನ ಮೇಲಿನ ತರಗತಿಗಳಿಗೆ ವಿಜ್ಞಾನದ ಮಂಜೂರಾತಿ ತಾತ್ಕಾಲಿಕವಾಗಿತ್ತು. ಗುಲಬರ್ಗಾದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡಿ, ಒಪ್ಪಿದರೆ ಉಂಟು, ಇಲ್ಲದಿದ್ದರೆ ಕೋಣೆಗೆ ಕೀಲಿ. ವಿಜ್ಞಾನ ಬೇಕೆನ್ನುವ ಹುಡುಗರು ಆಮೇಲೆ ಗುಲಬರ್ಗಾಕ್ಕೇ ಹೋಗಬೇಕು. ಅಷ್ಟು ದೂರ ಹೋಗಿ ಇದ್ದು ಓದುವ ಶಕ್ತಿ ಎಷ್ಟು ಮನೆಗಳಿಗಿತ್ತು? ಉಳಿದವರು ಹೊಲದ ದಾರಿ ಹಿಡಿಯುವವರೇ.

ಸಾಹೇಬರು ಬರುವ ವಾರ ಮಾಸ್ತರು, “ಒಂದು ಭೂತಗನ್ನಡಿ ಬೇಕಾಗೈತ್ರಿ, ಅಫಜಲಪುರದಾಗ ನಮ್ಮ ಮಾವನ ಕಡೆ ಐತಿ,” ಎಂದು ಹೊರಟು ಹೋದರು. ವಿಭಾಗದ ಸಂಪೂರ್ಣ ಆಡಳಿತ ನನ್ನ ಕೈಗೆ ಬಂತು.

ಕೋಣೆಯನ್ನು ಕಣ್ಣರಳಿಸಿ ನೋಡಿದೆ. ಗೋಡೆಗಳೆಲ್ಲ ಕರ್ರಗೆ ಕಾಡಿಗೆ ಬಳಿದಂತಿದ್ದವು. ಮಾಡು ಸಹ ಕಪ್ಪು. ಬೀದಿಯ ಗೋಡೆಯಲ್ಲಿ ಒಂದು ತೂತು ಬೇರೆ. ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಮೊದಲು ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಅಡಿಗೆಯ ಯೋಚನೆ ಆಮೇಲೆ. ಜೊತೆಗೆ ನಮ್ಮ ಕಾನ್ವೆಂಟಿನ ಸಿಸ್ಟರುಗಳು ನನ್ನ ತಲೆಯಲ್ಲಿ ತುಂಬಿದ್ದ ಕ್ಲೀನ್‌ಲಿನೆಸ್. ಎರಡೂ ಸೇರಿದ ಮೇಲೆ ನನ್ನನ್ನು ತಡೆಯುವವರು ಯಾರು?

“ಮಾಸ್ತರ್ನ ಒಂದ್ ಮಾತು ಕೇಳಿದಿ ಏನು?” ಎಂದರು ನಮ್ಮವರು.

“ಸರ್‌ಪ್ರೈಸ್ ಕೊಡ್ತೇನಿ.”

“ಕೊಡು ಕೊಡು. ಅವರದು ಎದಿ ಗಟ್ಟಿ ಇರ್ಲಿ.”

ಹುಡುಗರನ್ನು ಸೇರಿಸಿ ಎರಡು ಸಲ ಸುಣ್ಣ ಹೊಡೆಸಿದೆ. ಕೆಮ್ಮಣ್ಣಿನ ಪಟ್ಟಿ ನಾನೇ ಎಳೆದೆ. ತೂತಿಗೆ ಮಣ್ಣು ಮೆತ್ತಿ, ಮೇಲೆ ಸುಣ್ಣ ಒತ್ತಿ, ತೂತಿತ್ತೆಂಬ ಗುರುತೇ ಉಳಿಯದಂತೆ ನುಣುಪು ಮಾಡಿದೆ. ಕೋಣೆ ಹಾಲಿನಲ್ಲಿ ಅದ್ದಿ ತೆಗೆದಂತೆ ಹೊಳೆಯಿತು. ಬ್ಯೂಟಿಫುಲ್!

ತಪಾಸಣೆಯ ಹಿಂದಿನ ದಿನ ಮಾಸ್ತರು ಬಂದರು. ಬಾಗಿಲಲ್ಲಿ ನಿಂತರು. ಆಮೇಲೆ ಹೊಸ್ತಿಲ ಮೇಲೆ ಕುಳಿತರು.

“ಭಾಳ ಸ್ವಚ್ಛ ಮಾಡೀರಿ ಅಕ್ಕೋರ.”

“ಇಟ್ ವಾಸ್ ನಥಿಂಗ್, ಮಾಸ್ತರ,” ಎಂದೆ.

ಅವರು ಗೋಡೆಯನ್ನು ಸವರುತ್ತ, “ಇಲ್ಲೊಂದು ತೂತಿತ್ತಲ್ಲರಿ?” ಎಂದರು.

“ಇಲಿ ಕೊರದಿದ್ದು. ಮುಚ್ಚಿಸೀನಿ.”

“ಆ ಇಲಿ ನಾನೇ ರೀ,” ಎಂದರು.

ಆಗ ತಿಳಿಯಿತು. ಆರು ತಿಂಗಳು ಯಾರಿಗೂ ಹೇಳದೆ ದೀಪದ ಕಾಡಿಗೆ ಕೂಡಿಸಿ, ಅಂಟು ಕಲಸಿ, ಅವರೇ ಗೋಡೆ ಕಪ್ಪು ಮಾಡಿದ್ದರು. ಬಾಗಿಲು ಹಾಕಿದರೆ ತೂತಿನಿಂದ ಬೆಳಕು ಬಂದು, ಹೊರಗಿನ ಇಡೀ ಬೀದಿ ಎದುರಿನ ಧೋತರದ ಪರದೆಯ ಮೇಲೆ ತಲೆಕೆಳಗಾಗಿ ಮೂಡಬೇಕು. ಭೂತಗನ್ನಡಿ ಆ ತೂತಿಗೇ ಬೇಕಾಗಿತ್ತು. ಕೋಣೆಯೇ ಒಂದು ಕ್ಯಾಮೆರಾ! ಸರ್ಕಾರ ಉಪಕರಣ ಕೊಡದಿದ್ದರೆ ಮಾಸ್ತರು ಕಟ್ಟಡವನ್ನೇ ಉಪಕರಣ ಮಾಡಿದ್ದರು. ನಾನು ಅದಕ್ಕೆ ಸುಣ್ಣ ಬಳಿದಿದ್ದೆ. ಬಿಳಿ ಗೋಡೆ ಬೆಳಕನ್ನು ನಾಲ್ಕೂ ಕಡೆಗೆ ಚೆಲ್ಲಿದರೆ ಚಿತ್ರ ಸಾಯುತ್ತದೆ.

ನನಗೆ ಅಳು ಬಂತು. ಮಾಸ್ತರು ಒಂದು ಮಾತೂ ಬೈಯಲಿಲ್ಲ. “ಅಳೂದು ಬ್ಯಾಡ್ರಿ, ಕಂಬಳಿ ತರ್ರಿ,” ಎಂದರು.

ಕುರುಬರ ಓಣಿಯ ಮನೆಮನೆಗೆ ಹೋದೆ. ಕಾನ್ವೆಂಟಿನ ಹುಡುಗಿ ತಲೆಯ ಮೇಲೆ ಕರಿ ಕಂಬಳಿಗಳ ಗುಡ್ಡ ಹೊತ್ತು ಬಂದಳು. ಒಬ್ಬ ಅಜ್ಜಿ, “ಮಗಳ, ಇಷ್ಟು ಚಳಿ ಏನ್ ಹತ್ತೈತಿ ನಿನಗ?” ಎಂದು ಗಾಬರಿಯಾದಳು. ಹುಡುಗರು ಮೊಳೆ ಹೊಡೆದು ಗೋಡೆಗೆಲ್ಲ ಕಂಬಳಿ ತೂಗಿದರು. ಮಾಸ್ತರು ತೂತು ಬಿಡಿಸಿ, ಮೇಣದಿಂದ ಗಾಜು ಕೂಡಿಸಿದರು. ಕತ್ತಲೆಯೇನೋ ಅದ್ಭುತವಾಗಿ ಬಂತು. ಕುರಿಯ ವಾಸನೆಯೂ ಬಂತು. ಚಿಕ್ಕಾಡುಗಳೂ ಬಂದವು. ಕಚ್ಚಲು ಅವು ಆರಿಸಿಕೊಂಡದ್ದು ಕಂಬಳಿ ಹೊತ್ತವಳನ್ನು.

ಮರುದಿನ ಸಾಹೇಬರು, ಹೆಡ್‌ಮಾಸ್ತರು, ಹುಡುಗರು ಎಲ್ಲ ಒಳಗೆ ಹೋದರು. ಬೀದಿಯಲ್ಲಿ ಬೇವಿನ ಗಿಡದ ಪಕ್ಕ ಬಿಸಿಲಿನಲ್ಲಿ ನಿಲ್ಲುವ ಕೆಲಸ ನನ್ನದು. ಚಿತ್ರ ಓಡಾಡುತ್ತದೆಂದು ತೋರಿಸಲು ಒಬ್ಬರು ಬೇಕಾಗಿತ್ತು. “ನಾ ಒಳಗಿಂದ ಬಾಗಿಲಾ ಬಡೀತೇನಿ. ಆಗ ಪುಸ್ತಕ ಹಿಡಕೊಂಡು ಆ ಕಡಿಂದ ಈ ಕಡಿಗೆ ಠೀವಿಲೆ ನಡೀರಿ, ಸಾಕು,” ಎಂದಿದ್ದರು ಮಾಸ್ತರು.

ಬಾಗಿಲು ಮುಚ್ಚಿತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಆ ಹೊತ್ತಿಗೇ ಒಂದು ಚಿಕ್ಕಾಡು ಬೆನ್ನಿನ ನಟ್ಟನಡುವೆ, ಕೈಗೆ ನಿಲುಕದ ಜಾಗದಲ್ಲಿ ಕಚ್ಚಿತು. ಇನ್ನೂ ಬಾಗಿಲು ಬಡಿದಿಲ್ಲವಲ್ಲ ಎಂದು ಧೈರ್ಯ ಮಾಡಿದೆ. ಪುಸ್ತಕದ ಅಂಚಿನಿಂದ ಕೆರೆದೆ. ಅದು ಸೊಂಟಕ್ಕೆ ಇಳಿಯಿತು. ಜಿಗಿದೆ. ಕಾಲಿಗೆ ಬಂತು. ಒಂಟಿಕಾಲಿನಲ್ಲಿ ಸುತ್ತಿದೆ. ಕೊನೆಗೆ ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಮೇಲೆ ಕೆಳಗೆ ಉಜ್ಜಿಕೊಂಡೆ. ಹೆವೆನ್ಲಿ!

ಬಾಗಿಲು ಬಡಿದ ಸದ್ದು ಬರಲೇ ಇಲ್ಲ. ಬಂದದ್ದು ನಗೆಯ ಸದ್ದು.

ಬೆಳಕು ಯಾರ ಅಪ್ಪಣೆಗೂ ಕಾಯುವುದಿಲ್ಲವೆಂಬುದು ಸೈನ್ಸ್ ಟೀಚರಿಗೆ ಆಗ ಹೊಳೆಯಿತು. ತೂತು ತೆರೆದೇ ಇತ್ತು. ಬಾಗಿಲು ಮುಚ್ಚಿದ ಕ್ಷಣದಿಂದ ನಾನು ಒಳಗಿನ ಧೋತರದ ಮೇಲೆ, ಹಸಿರು ಸೀರೆಯ ಬಣ್ಣಸಹಿತ, ಬಾವಲಿಯಂತೆ ತಲೆಕೆಳಗಾಗಿ ಕುಣಿಯುತ್ತಿದ್ದೆ.

ಸಾಹೇಬರು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರೂ ತಮ್ಮ ಶೇರವಾನಿಯ ತೋಳು ಕೆರೆಯುತ್ತಿದ್ದರು.

“ತಸ್ವೀರ್ ಭಾಳ ಸಾಫ್ ಐತಿ ಮಾಸ್ತರ. ಇಂಥಾದು ನಾ ಗುಲಬರ್ಗಾದಾಗೂ ನೋಡಿಲ್ಲ. ನಿಮ್ಮ ಸೈನ್ಸ್ ಪಕ್ಕಾ ಮಾಡಿಸ್ತೀನಿ.” ನನ್ನ ಕಡೆ ನೋಡಿ ದನಿ ತಗ್ಗಿಸಿದರು. “ಈ ಟೀಚರ್ ಬಾಯಿಯವರನ್ನ ಮಾತ್ರ ಯಾರಾದ್ರೂ ಹಕೀಮರಿಗೆ ತೋರಸ್ರಿ.”

ಮಾಸ್ತರು ಗಂಭೀರವಾಗಿ, “ಆಕಿನೇ ಸಾಹೇಬ್ರ, ಈ ಕತ್ತಲ ಕೋಣೆಗೆ ಭಾಳ ದುಡದಾಕಿ,” ಎಂದರು. ಇಷ್ಟು ವರ್ಷಗಳಲ್ಲಿ ನನ್ನನ್ನು ಅಷ್ಟು ದೊಡ್ಡ ಮನಸ್ಸಿನಿಂದ ಕಾಪಾಡಿದವರು ಇನ್ನೊಬ್ಬರಿಲ್ಲ. ದೇರ್ ವಾಸ್ ಎ ಜಂಟಲ್‌ಮನ್.

ಆ ವರ್ಷದ ಪರೀಕ್ಷೆಯಲ್ಲಿ ‘ಬಿಂಬ ಏಕೆ ತಲೆಕೆಳಗಾಗಿ ಮೂಡುತ್ತದೆ?’ ಎಂಬ ಪ್ರಶ್ನೆಗೆ ಇಡೀ ತರಗತಿ ಸರಿಯಾದ ಉತ್ತರ ಬರೆಯಿತು. ವರ್ಷವಿಡೀ ನಾನು ಕಲಿಸಿದ್ದರಲ್ಲಿ ಅವರಿಗೆ ಪೂರ್ತಿ ತಿಳಿದದ್ದು ಅದೊಂದೇ ಪಾಠ. ಅದನ್ನು ಕಲಿಸುವಾಗ ನಾನು ತರಗತಿಯಲ್ಲಿರಲಿಲ್ಲ. ಬೀದಿಯಲ್ಲಿದ್ದೆ, ಬೆನ್ನು ಕೆರೆದುಕೊಳ್ಳುತ್ತಿದ್ದೆ.