ಮಾವನ ಕಾರಿನ ಮಿಸ್ಸಿಂಗ್

ಮಾವನ ಬಿಳಿ ಕಾರು ಬೀರೂರಿನಾಚೆಯ ಏರಿನಲ್ಲಿ ಮೊದಲ ಸಲ ಮುಗ್ಗರಿಸಿದಾಗ ತೀರ್ಥಪ್ಪನ ಎದೆಯೂ ಅದರ ಜೊತೆಗೇ ಮುಗ್ಗರಿಸಿತ್ತು. ಆಕ್ಸಿಲರೇಟರ್ ತುಳಿದರೆ ಕಾರು, ಪಾಠ ಓದದೆ ಬಂದ ವಿದ್ಯಾರ್ಥಿಯಂತೆ ಒಂದು ಕ್ಷಣ ತಡವರಿಸಿ, ಅನಂತರ ಧಡಕ್ಕನೆ ಮುಂದಕ್ಕೆ ನೆಗೆಯುತ್ತಿತ್ತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಇಂಜಿನ್ ‘ಮಿಸ್ಸಿಂಗ್ ಹೊಡೆಯುವುದು’ ಎನ್ನುತ್ತಾರೆ. ಆ ಮಾತನ್ನು ತೀರ್ಥಪ್ಪ ಮೊದಲೂ ಕೇಳಿದ್ದ. ಅದು ತನ್ನನ್ನು ಎಲ್ಲಿಗೆ ಕೊಂಡೊಯ್ದು ನಿಲ್ಲಿಸಲಿದೆ ಎಂಬುದನ್ನು ಮಾತ್ರ ಬಲ್ಲವನಾಗಿರಲಿಲ್ಲ.

ಕಾರು ಕೆಡುವುದು ಅಪರಾಧವಲ್ಲ. ಆದರೆ ಆ ಕಾರು ಅಂದು ಬೀರೂರಿನ ಆಚೆಗಾಗಲಿ ಈಚೆಗಾಗಲಿ ಇರತಕ್ಕದ್ದೇ ಅಲ್ಲ. ಯಗಟಿಯ ಗಿರಿಯಪ್ಪನವರು ಶಿವಮೊಗ್ಗದ ತಂಗಿಯ ಮನೆಗೆ ಹೊರಡುವಾಗ ಅದನ್ನು ಅಜ್ಜಂಪುರದ ಕಿರಿಯ ಅಳಿಯನ ಮನೆಯ ಮುಂದೆ ನಿಲ್ಲಿಸಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, "ನೋಡಪ್ಪ, ಇದನ್ನ ಹೊರಗೆ ತೆಗೀಬೇಡ. ನಿನ್ನ ಮಾತಿನ ಮ್ಯಾಲೆ ಬಿಟ್ಟು ಹೋಗ್ತಿದೀನಿ" ಎಂದಿದ್ದರು. ಗಿರಿಯಪ್ಪನವರು ಮಳೆ ತಪ್ಪಿದರೂ ಕ್ಷಮಿಸುವವರು. ಮಾತು ತಪ್ಪಿದವರನ್ನು ಕ್ಷಮಿಸುವವರಲ್ಲ. ಹಿರಿಯ ಅಳಿಯ ಒಮ್ಮೆ ಕೇಳದೆ ಟ್ರ್ಯಾಕ್ಟರ್ ಒಯ್ದು, ಒಯ್ದೇ ಇಲ್ಲವೆಂದು ಸಾಧಿಸಿದ ಮೇಲೆ ಇಂದಿಗೂ ಯಗಟಿಯ ಹೊಸ್ತಿಲು ತುಳಿದಿಲ್ಲ. ಗೌರಿ ಹಬ್ಬಕ್ಕೆ ಹಿರಿಯ ಮಗಳು ಒಬ್ಬಳೇ ಬಂದು, ಬಾಗಿನ ಹಿಡಿದು, ಒಬ್ಬಳೇ ಬಸ್ಸು ಹತ್ತುತ್ತಾಳೆ.

ಇಷ್ಟನ್ನೂ ಕಣ್ಣಾರೆ ಕಂಡಿದ್ದ ತೀರ್ಥಪ್ಪ, ಕಡೂರಿನ ನಾಮಕರಣವೊಂದಕ್ಕೆ ಹೆಂಡತಿ ವಿದ್ಯಾಶ್ರೀಯೊಡನೆ ಅದೇ ಕಾರಿನಲ್ಲಿ ಬೀರೂರು ದಾಟಿ ಹೋಗಿ ಇಳಿದಿದ್ದ. ನಾಲ್ಕು ಜನರ ಕಣ್ಣಿಗೆ ದೊಡ್ಡವನಾಗಿ ಕಾಣಬೇಕೆಂಬ ಚಪಲ, ಪ್ರೌಢಶಾಲೆಯ ಗುಮಾಸ್ತನನ್ನೂ ಬಿಡುವುದಿಲ್ಲ. ಅಂದು ಸಂಜೆ ಮಾವ ಫೋನಿನಲ್ಲಿ ವಿಚಾರಿಸಿದಾಗ, "ಕೀಲಿ ಸೈತ ಮುಟ್ಟಿಲ್ಲ ಮಾವ" ಎಂದೂ ಹೇಳಿಬಿಟ್ಟ. ನಾಲಗೆ ಒಮ್ಮೆ ಜಾರಿದರೆ ಅದನ್ನು ಎಳೆದು ತರುವ ಹಗ್ಗವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಮರುದಿನ ಬೆಳಿಗ್ಗೆ ವಿದ್ಯಾಶ್ರೀ ಕಾಫಿ ಲೋಟವನ್ನು ಕುಕ್ಕಿ, ಅಪ್ಪ ಇಂದೇ ರೈಲಿನಲ್ಲಿ ಹೊರಟು ಬರುತ್ತಿದ್ದಾರೆಂಬ ಸುದ್ದಿ ಕೊಟ್ಟಳು. "ರೀ, ಅಕ್ಕನ ಥರ ನಾನೂ ಒಬ್ಳೇ ತೌರಿಗೆ ಹೋಗೋ ಹಂಗೆ ಮಾಡ್ಬೇಡಿ" ಎಂದಳು. ತೀರ್ಥಪ್ಪನ ಕೈಯ ಕಾಫಿ ತುಳುಕಿ ಪಂಚೆಯ ಮೇಲೆ ಬಿತ್ತು.

ಅವನು ಓಡಿದ್ದು ಎದುರುಮನೆಯ ಹೇಮಂತನ ಬಳಿಗೆ. ಹೇಮಂತ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರೊಂದನ್ನು ತರಿಸಿಟ್ಟುಕೊಂಡು, ಯಾರ ಕಾರಾದರೂ ಕೆಮ್ಮೀತೇ ಎಂದು ಕಾದು ಕುಳಿತಿದ್ದ. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಅದನ್ನು ಸಿಕ್ಕಿಸಿದೊಡನೆ ಇಂಜಿನ್ನಿನ ಒಳಗುಟ್ಟೆಲ್ಲ ಅವನ ಫೋನಿನ ಪರದೆಯ ಮೇಲೆ ಗೆರೆಗಳಾಗಿ ಹರಿಯತೊಡಗಿತು.

ನೆರೆಹೊರೆಯವರು ಕೂಡಿದರು. ಒಬ್ಬರು ಪೆಟ್ರೋಲಿಗೆ ನೀರು ಸೇರಿದೆ ಎಂದರು. ಇನ್ನೊಬ್ಬರು ಕಾರಿಗೆ ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಿ ಎಂದರು. ನಿವೃತ್ತ ಗ್ರಾಮಲೆಕ್ಕಿಗರಾದ ಮಲ್ಲಿಕಾರ್ಜುನಪ್ಪನವರು ಮಾತ್ರ ಮಾತಾಡಲಿಲ್ಲ. ಪರೋಪಕಾರವೇ ಜೀವನವೆಂದು ನಂಬಿದ್ದ ಅವರು ಕಾರಿನ ಚಿತ್ರವನ್ನು ನಂಬರ್ ಪ್ಲೇಟಿನ ಸಮೇತ ತೆಗೆದು, ತಾಲ್ಲೂಕಿನ ವಾಟ್ಸಾಪ್ ಬಳಗಕ್ಕೆ ಕಳುಹಿಸಿದರು. ಯಾರಾದರೂ ಒಳ್ಳೆಯ ಮೆಕ್ಯಾನಿಕ್ಕನ ಹೆಸರು ಹೇಳಲಿ ಎಂಬುದಷ್ಟೇ ಅವರ ಉದ್ದೇಶ. ಚಿತ್ರದ ಕೆಳಗೆ ಬರೆದಿದ್ದರು: ‘ಯಗಟಿ ಗಿರಿಯಪ್ಪನವರ ಕಾರು ನಿನ್ನೆಯಿಂದ ಮಿಸ್ಸಿಂಗ್. ಬಲ್ಲವರು ಕೂಡಲೇ ತಿಳಿಸಿ.’

ಬಲ್ಲವರು ಯಾರೂ ತಿಳಿಸಲಿಲ್ಲ. ಅರಿಯದವರೆಲ್ಲ ಮುಂದಕ್ಕೆ ದಾಟಿಸಿದರು. ಓದುವ ಶ್ರಮವಿಲ್ಲದೆ, ವಿಚಾರಿಸುವ ಹೊಣೆಯಿಲ್ಲದೆ, ಹೆಬ್ಬೆರಳೊಂದರಿಂದಲೇ ಸಮಾಜಸೇವೆ ಮುಗಿಸುವ ಈ ಕಾಲದ ಸಜ್ಜನರನ್ನು ಯಾವ ಶಾಲೆಯಲ್ಲಿ ಕೂರಿಸಿ ತಿದ್ದಬೇಕೋ ತಿಳಿಯದು. ಕೆಲವೇ ಹೊತ್ತಿನಲ್ಲಿ ಆ ಸಂದೇಶ ‘ಕಾರು ಕಳವು’ ಎಂಬ ತಲೆಬರಹವನ್ನೂ ತೊಟ್ಟುಕೊಂಡು ತರೀಕೆರೆಯತ್ತ ಹೊರಟಿತು.

ಅದರ ಹಿಂದೆಯೇ ಕಾರೂ ಹೊರಟಿತು. ದೋಷ ನಿಂತಲ್ಲಿ ಕಾಣುವುದಿಲ್ಲ, ಏರಿನಲ್ಲಿ ಭಾರ ಎಳೆಯುವಾಗಲೇ ನೋಡಬೇಕು. ಅಲ್ಲದೆ ಬೇಕಾದ ಸಾಮಾನು ಸಿಗುವುದೂ ತರೀಕೆರೆಯಲ್ಲೇ ಎಂದು ಹೇಮಂತ ಹೇಳಿದ್ದ. ಅವಸರದಲ್ಲಿ ತೀರ್ಥಪ್ಪ ಕಾಫಿ ಕಲೆಯ ಪಂಚೆಯಲ್ಲೇ ಸ್ಟಿಯರಿಂಗ್ ಹಿಡಿದ. ಲೈಸೆನ್ಸು ಪ್ಯಾಂಟಿನ ಜೇಬಿನಲ್ಲಿ, ಪ್ಯಾಂಟು ಮನೆಯ ಗೂಟದಲ್ಲಿ ಉಳಿದವು.

"ಈಗ ಒತ್ತಿ ತುಳೀರಿ ತೀರ್ಥಣ್ಣ" ಎಂದ ಹೇಮಂತ, ಏರು ಬಂದಾಗ. ಕಾರು ತಡವರಿಸಿತು. "ನೋಡಿ, ಈ ಗೆರೆ ನಿಮ್ಮ ಕಾಲು. ತುಳಿದ ಕೂಡಲೇ ಎದ್ದುನಿಂತಿದೆ. ಈ ಕೆಳಗಿನ ಗೆರೆ ಇಂಜಿನ್‌ಗೆ ಹೋಗೋ ಗಾಳಿ. ಇದು ಇನ್ನೂ ಮಲಗಿದೆ. ಗಾಳಿ ಅಳೆಯೋ ಸೆನ್ಸರ್‌ಗೆ ಧೂಳು ಹಿಡಿದಿದೆ ಅಣ್ಣ. ಗಾಳಿ ಬಂದ್ರೂ ಬಂದಿಲ್ಲ ಅಂತ ಸುಳ್ಳು ಹೇಳ್ತಿದೆ. ಅದನ್ನ ನಂಬಿ ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಬಿಡ್ತಿದೆ."

ಸುಳ್ಳು ಎಂಬ ಮಾತು ಕೇಳಿ ತೀರ್ಥಪ್ಪ ಬೆಚ್ಚಿದ. "ಸುಳ್ಳು ಹೇಳಿದ್ರೆ ಗೊತ್ತಾಗೇ ಆಗುತ್ತಾ?"

"ಗೆರೆ ಎಲ್ಲಿ ಬಿಡುತ್ತೆ ಅಣ್ಣ" ಎಂದು ಹೇಮಂತ ಹೆಮ್ಮೆಯಿಂದ ನಕ್ಕ. ಅಷ್ಟರಲ್ಲಿ ಅವನ ಪರದೆಯ ಮೇಲೆ ಟಿಣ್ ಟಿಣ್ ಎಂದು ಸಂದೇಶಗಳು ಉದುರತೊಡಗಿದವು. ಗೆರೆಗೆ ಅಡ್ಡ ಬಂದ ಅವನ್ನೆಲ್ಲ ಹೇಮಂತ ನೊಣ ಓಡಿಸಿದಂತೆ ಬೆರಳಿನಿಂದ ಓಡಿಸಿದ.

ತೀರ್ಥಪ್ಪನ ಭಯ ದಾರಿಯುದ್ದಕ್ಕೂ ಬೆಳೆಯಿತು. ಟೀ ಅಂಗಡಿಯ ಮುಂದೆ ಕುಳಿತವರು ಕಾರು ಕಂಡೊಡನೆ ಎದ್ದು ನಿಂತರು. ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೈತೋರಿಸಿದ. ಬೈಕೊಂದು ಹಿಂದೆ ಬಿತ್ತು. ಹಿಂಬದಿಯ ಸವಾರ ಫೋನೆತ್ತಿ ಚಿತ್ರ ತೆಗೆಯುತ್ತಿದ್ದ. ಮಾವನಿಗೆ ಇಷ್ಟೊಂದು ನೆಂಟರಿದ್ದಾರೆಂದು ತೀರ್ಥಪ್ಪನಿಗೆ ಮದುವೆಯ ದಿನವೂ ತಿಳಿದಿರಲಿಲ್ಲ. ತಪ್ಪಿಸಿಕೊಳ್ಳಲು ಜೋರಾಗಿ ತುಳಿದ. ಕಾರು ತಡವರಿಸಿತು. ಬೈಕು ಪಕ್ಕಕ್ಕೇ ಬಂದು, ಸವಾರ ಒಳಗೆ ಇಣುಕಿ, ಅವನ ಮುಖವನ್ನು ಚೆನ್ನಾಗಿ ನೋಡಿಕೊಂಡು ಮುಂದೆ ಹೋದ. ತೀರ್ಥಪ್ಪನ ಬೆನ್ನಿನ ಬೆವರಿಗೆ ಅಂಗಿ ಹಸಿಗೋಡೆಯ ಭಿತ್ತಿಪತ್ರದಂತೆ ಅಂಟಿಕೊಂಡಿತು.

ತರೀಕೆರೆಯಲ್ಲಿ ಬಿಡಿಭಾಗದ ಅಂಗಡಿಗೆ ಹೋಗಿ ಸೆನ್ಸರ್ ತೊಳೆಯುವ ಸ್ಪ್ರೇ ತರುತ್ತೇನೆಂದು ಹೇಮಂತ ಇಳಿದು ಗಲ್ಲಿಯೊಳಗೆ ಮರೆಯಾದ. ತೀರ್ಥಪ್ಪ ಕಾರಿನಲ್ಲೇ ತಲೆ ತಗ್ಗಿಸಿ ಕುಳಿತ. ಕಿಟಕಿಯ ಮೇಲೆ ಲಾಠಿಯ ತುದಿ ಟಕಟಕ ಬಡಿಯಿತು. ಹೊರಗೆ ಎಎಸ್‌ಐ ಕರಿಯಣ್ಣ, ಅವರ ಹಿಂದೆ ಒಬ್ಬ ಕಾನ್‌ಸ್ಟೇಬಲ್, ಅವನ ಹಿಂದೆ ಆ ಬೈಕಿನವರು, ಅವರ ಹಿಂದೆ ಅರ್ಧ ತರೀಕೆರೆ.

"ಈ ಗಾಡಿ ಮಿಸ್ಸಿಂಗ್ ಅಂತ ನಿಂಗೆ ಗೊತ್ತಾ?" ಎಂದರು ಕರಿಯಣ್ಣ.

ಇವರಿಗೂ ತಿಳಿದಿದೆಯಲ್ಲ ಎಂದುಕೊಂಡು ತೀರ್ಥಪ್ಪ ಕಿಟಕಿಯ ಗಾಜು ಇಳಿಸಿದ. "ಗೊತ್ತು ಸಾರ್. ನಿನ್ನೆ ಬೀರೂರಿಂದ ಮಿಸ್ಸಿಂಗ್."

"ಒಪ್ಕೊಂಡ ನೋಡು" ಎಂದು ಕಾನ್‌ಸ್ಟೇಬಲ್ಲನಿಗೆ ಹೇಳಿ, ಕರಿಯಣ್ಣ ಮೃದುವಾಗಿ ಕೇಳಿದರು. "ಜೊತೆಗೆ ಯಾರವ್ರೆ?"

"ಹೇಮಂತ ಅಂತ ಒಬ್ನಿದಾನೆ ಸಾರ್. ಕೆಳಗೆ ಕಿಂಡೀಲಿ ಏನೋ ಒಂದು ಸಿಕ್ಕಿಸಿದ ಅಂದ್ರೆ ಗಾಡಿ ಕಂಪ್ಯೂಟರೇ ಬಾಯಿ ಬಿಡುತ್ತೆ. ಇನ್ನೊಂಚೂರು ಹೊತ್ತು ಬಿಟ್ಟಿದ್ರೆ ಬಿಚ್ಚಿ ಎಲ್ಲಾ ಕ್ಲೀನ್ ಮಾಡ್ಬಿಡ್ತಿದ್ವಿ. ಓನರ್‌ಗೆ ಗೊತ್ತೇ ಆಗ್ತಿರ್ಲಿಲ್ಲ."

ಕರಿಯಣ್ಣನವರ ಸೇವಾವಧಿಯಲ್ಲಿ ಇಷ್ಟು ಪ್ರಾಮಾಣಿಕನಾದ ಕಳ್ಳ ಸಿಕ್ಕಿರಲಿಲ್ಲ. ಲೈಸೆನ್ಸು ಕೇಳಿದರು, ಪ್ಯಾಂಟಿನಲ್ಲಿದೆ ಎಂಬ ಉತ್ತರ ಬಂತು. ಪಂಚೆಯನ್ನು ನೋಡಿದರು. ನಂಬರಿನ ಜಾಡು ಹಿಡಿದು ಮಾಲೀಕರ ಫೋನಿಗೆ ಕರೆ ಮಾಡಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ರೈಲಿನ ಗಡಗಡ ಸದ್ದಿನ ನಡುವೆ ಗಿರಿಯಪ್ಪನವರ ದನಿ ಬಂದೊಡನೆ ತೀರ್ಥಪ್ಪ ತನ್ನ ದನಿ ಹೊರಬೀಳದಂತೆ ಪಂಚೆಯ ಚುಂಗನ್ನು ಬಾಯಿಗೆ ಒತ್ತಿಕೊಂಡ.

ಸಂಗತಿಯನ್ನು ತಿಳಿಸಿ ಕರಿಯಣ್ಣ ಕೇಳಿದರು. "ನಿಮ್ಮ ಮನೆಯೋರೇ ಯಾರಾದ್ರೂ ತಂದವ್ರಾ ಯಜಮಾನ್ರೆ? ಅಳಿಯ ಗಿಳಿಯ?"

"ನಮ್ಮ ತೀರ್ಥಪ್ಪನಾ? ಸಾಧ್ಯವೇ ಇಲ್ಲ ಬುಡಿ. ನಿನ್ನೆ ಸಂಜೆ ಕೇಳಿದೀನಿ, ಕೀಲಿ ಸೈತ ಮುಟ್ಟಿಲ್ಲ ಅಂದವ್ನೆ. ಅವ್ನು ಬಂಗಾರದಂಥ ಹುಡುಗ. ಆದ್ರೂ ಒಂದು ಮಾತು ಸ್ವಾಮಿ. ಅಲ್ಲಿರೋನು ಅವ್ನೇ ಅಂತಾದ್ರೆ ಈಗ್ಲೇ ಹೇಳ್ಬುಡಿ. ನನ್ನ ಪಾಲಿಗೆ ಇಬ್ರು ಅಳಿಯಂದ್ರೂ ಇಲ್ಲ ಅನ್ಕೊತೀನಿ."

ಕರಿಯಣ್ಣ ಫೋನನ್ನು ಅಂಗೈಯಿಂದ ಮುಚ್ಚಿ ಬಾಗಿದರು. "ಏನಪ್ಪಾ, ನೀನೇ ಹೇಳು. ಅಳಿಯನೋ, ಕಳ್ಳನೋ?"

ತೀರ್ಥಪ್ಪನ ಕಣ್ಣಮುಂದೆ ಬಾಗಿನ ಹಿಡಿದು ಒಬ್ಬಳೇ ಬಸ್ಸು ಹತ್ತುವ ವಿದ್ಯಾಶ್ರೀ ಸುಳಿದಳು. ಲಾಕಪ್ಪಿನ ಕಂಬಿಗಳೂ ಸುಳಿದವು. ಕಂಬಿಗಳೇ ವಾಸಿ ಎನಿಸಿತು.

"ಕಳ್ಳ ಸಾರ್" ಎಂದ, ಪಿಸುದನಿಯಲ್ಲಿ.

ಕರಿಯಣ್ಣ ಅಂಗೈ ತೆಗೆದು ಆ ಉತ್ತರವನ್ನು ಒಪ್ಪಿಸಿದರು. ಆಚೆಯಿಂದ ಗಿರಿಯಪ್ಪನವರು ನಿರಾಳವಾಗಿ ನಕ್ಕ ಸದ್ದು ಕೇಳಿಸಿತು.

"ನಾನು ಹೇಳಲಿಲ್ವಾ? ಪಾಪ, ಎಂಥಾ ಗಾಡಿ ಕದ್ದವ್ನೆ ನೋಡಿ. ಅದು ವರ್ಷದಿಂದ ಮಿಸ್ಸಿಂಗ್ ಹೊಡೀತೈತೆ. ಅಳಿಯ ಎಲ್ಲಾದ್ರೂ ಏರಲ್ಲಿ ಸಿಕ್ಕಾಕ್ಕೊಂಡು ಪರದಾಡ್ತಾನೆ ಅಂತಾನೇ ಹೊರಗೆ ತೆಗೀಬೇಡ ಅಂದಿದ್ದೆ. ಅದಿರ್ಲಿ, ಅವ್ನನ್ನ ಬುಡಬೇಡಿ. ರೈಲು ತರೀಕೆರೆಗೇ ಬಂದು ನಿಲ್ತಾ ಐತೆ. ಇಲ್ಲೇ ಇಳಿದು ಬತ್ತೀನಿ. ಅವ್ನ ಮುಖ ಒಂದ್ಸಲ ನೋಡ್ಲೇಬೇಕು."

ಕರೆ ಮುಗಿಯಿತು. ಕರಿಯಣ್ಣ ಫೋನನ್ನು ಜೇಬಿಗಿಳಿಸಿ, ಕಾರಿನ ಬಾಗಿಲು ತೆರೆದು, ತೀರ್ಥಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಪುಣ್ಯವಂತ ಕಣಯ್ಯ ನೀನು. ಮಾಲೀಕರು ಕೋಪಿಷ್ಠರಂಗೆ ಕಾಣ್ಲಿಲ್ಲ."