ಮೂರು ಊರಿನ ದರಪಟ್ಟಿ, ಆರು ಕೊಂಬಿನ ರೂಟರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಚೇರಿಯ ಅಭ್ಯಾಸಗಳನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಮನೆಯೊಳಗೆ ಬರುವುದು ನನಗೆ ಇವತ್ತಿಗೂ ಸಾಧ್ಯವಾಗಿಲ್ಲ. ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಖರೀದಿ ವಿಭಾಗದ ಗುಮಾಸ್ತ. ಒಂದು ಡಜನ್ ಕಸಬರಿಗೆ ಬೇಕೆಂದರೂ ಮೂರು ಅಂಗಡಿಯಿಂದ ದರಪಟ್ಟಿ ತರಿಸಿ, ಪಕ್ಕಪಕ್ಕ ಬರೆದು ಹೋಲಿಕೆಯ ಪಟ್ಟಿ ಮಾಡಿ, ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಸಹಿ ಹಾಕಬೇಕು. ಅಷ್ಟರಲ್ಲಿ ಅರ್ಧ ಕಸ ಗಾಳಿಗೆ ತಾನೇ ಹಾರಿಹೋಗಿರುತ್ತದೆ, ಆ ಮಾತು ಬೇರೆ. ಮನೆಗೆ ಚಹಾಪುಡಿ ತರುವಾಗಲೂ ನನ್ನದು ಇದೇ ರೀತಿ. ನಾನು ಮದುವೆಗೆ ಮೂರು ಕಡೆ ಹೆಣ್ಣು ನೋಡಿದ್ದು ನನ್ನ ಹೆಂಡತಿ ಮಹಾದೇವಿಗೆ ಹೇಗೋ ತಿಳಿದುಹೋಗಿದೆ. “ನಾ ಎಷ್ಟನೇ ದರಪಟ್ಟಿ ಇದ್ದೆನ್ರಿ?” ಎಂದು ಆಗಾಗ ಕೇಳುತ್ತಾಳೆ. ಆ ಪ್ರಶ್ನೆ ಬಂದಾಗ ನಾನು ಪೇಪರ್ ಓದುತ್ತೇನೆ.

ಮಹಾದೇವಿ ಒಳಮನೆಯಲ್ಲಿ ಮಿಷನ್ ಇಟ್ಟುಕೊಂಡು ಊರ ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುತ್ತಾಳೆ. ಈಚೆಗೆ ಭಾನುವಾರ ಹನ್ನೊಂದಕ್ಕೆ ಮೊಬೈಲಿನಲ್ಲಿ ಕಲಿಸುವುದನ್ನೂ ಶುರು ಮಾಡಿದ್ದಳು. ನಾರಾಯಣಪುರದ ಕ್ವಾರ್ಟರ್ಸಿನವರು, ದೇವಾಪುರದವರು, ಕೊಂಕಲ್ಲಿನವರು, ಎಲ್ಲ ಸೇರಿ ಹನ್ನೆರಡು ಹೆಂಗಸರು. ಹತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳನ್ನು ಹನ್ನೆರಡು ಮಂದಿ ‘ಟೀಚರ್’ ಎನ್ನತೊಡಗಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡೆ. ಅವಳು ನಡೆಯುವ ರೀತಿಯೇ ಬದಲಾಯಿತು. ಆದರೆ ನಮ್ಮ ಒಳಮನೆಯಲ್ಲಿ ಮೊಬೈಲಿನ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಭಾನುವಾರ ಜಂಪರಿನ ಕೊರಳು ಕತ್ತರಿಸುವುದನ್ನು ತೋರಿಸಲು ಬಟ್ಟೆಯ ಕೆಳಗಿನಿಂದ ಕತ್ತರಿ ಮೇಲಕ್ಕೆ ತರುವಾಗ ಚಿತ್ರ ನಿಂತೇಬಿಟ್ಟಿತು. ಕತ್ತರಿ ಎಲ್ಲಿ ನಿಂತಿತೋ ಅಲ್ಲಿಯವರೆಗೆ ಕತ್ತರಿಸಬೇಕೆಂದು ತಿಳಿದು ಕೊಂಕಲ್ಲಿನ ಶಾಂತಮ್ಮ ತನ್ನ ಹೊಸ ರವಿಕೆ ಖಣಕ್ಕೆ ಹಾಗೇ ಕತ್ತರಿ ಹಾಕಿದಳು. ಆಮೇಲೆ ಫೋನಿನಲ್ಲಿ, “ಟೀಚರ್, ತಂಗಿ ನಿಶ್ಚಯಕ್ಕಂತ ಇಟ್ಟಿದ್ದೆ, ಕೊರಳು ಹೊಟ್ಟಿತನ ಬಂತ್ರಿ” ಎಂದು ಅತ್ತಳು. ಆ ಮಧ್ಯಾಹ್ನ ಮಹಾದೇವಿ ಊಟ ಮಾಡಲಿಲ್ಲ.

“ಇನ್ನೊಮ್ಮಿ ಹಿಂಗಾದ್ರ ಕ್ಲಾಸ್ ಬಂದ್ ಮಾಡಿಬಿಡ್ತೀನ್ರಿ. ಮಂದಿ ಬಟ್ಟಿ ಹಾಳ ಮಾಡಾಕ ನಾ ಯಾಕ ಟೀಚರ್ ಆಗ್ಬೇಕು?” ಎಂದಳು. ಮರುದಿನವೇ ಬ್ರಾಡ್‌ಬ್ಯಾಂಡಿಗೆ ಅರ್ಜಿ ಕೊಟ್ಟೆ. ಮಧ್ಯಾಹ್ನವೇ ಕಂಪನಿಯವರು ಬಂದು ಪಡಸಾಲೆಯ ತನಕ ತಂತಿ ಎಳೆದು, ಮಿಕ್ಕಿದ್ದನ್ನು ಸುರುಳಿ ಸುತ್ತಿಟ್ಟು, “ರೂಟರ್ ನೀವ ತಗೊಳ್ರಿ” ಎಂದು ಹೋದರು. ಮಹಾದೇವಿ, “ಬರೋ ಐತಾರದೊಳಗ ಆಗ್ಬೇಕ್ರಿ. ಶಾಂತಮ್ಮ ಇನ್ನೊಂದ್ ಖಣ ತಂದಾಳ” ಎಂದಳು. ಭಾನುವಾರಕ್ಕೆ ಇನ್ನು ಆರು ದಿನ. “ನನ್ನ ಮ್ಯಾಲ ಬಿಡು” ಎಂದೆ. ಬಿಡಬಾರದಿತ್ತು.

ಆ ಸೋಮವಾರ ಸಂಜೆಯೇ ಸುರಪುರದ ಖಾಜಾಸಾಬರ ಅಂಗಡಿಗೆ ಹೋಗಿ ದರಪಟ್ಟಿ ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. “ಸಾಹೇಬ್ರ, ಒಂದ್ ರೂಟರ್‌ಗೆ ಸಿಕ್ಕಾ ಹೊಡದು ಸಹಿ ಮಾಡಿ ಕೊಡ್ಬೇಕೇನ್ರಿ? ಈ ಎರಡ ಕೊಂಬಿಂದು ಒಯ್ರಿ, ಮನ್ಯಾಗ ಹಚ್ಚಿ ನೋಡ್ರಿ. ಸರಿ ಬರ್ಲಿಲ್ಲಂದ್ರ ವಾಪಸ್ ತರ್ರಿ.” ಆಂಟೆನಾಕ್ಕೆ ಅವರು ಕೊಂಬು ಎನ್ನುತ್ತಾರೆ. ಹಚ್ಚಿ ನೋಡಿ ಖರೀದಿ ಮಾಡುವುದು ಯಾವ ನಿಯಮದಲ್ಲಿದೆ? ಕಡೆಗೂ ದರಪಟ್ಟಿಗೆ ಅಂಗಡಿಯ ಮೊಹರು ಹೊಡೆಸಿಕೊಂಡೇ ಬಂದೆ. ಬುಧವಾರ ಅರ್ಧ ದಿನ ರಜೆ ಹಾಕಿ ಶಹಾಪುರಕ್ಕೆ ಹೋದೆ. ಅಲ್ಲಿಯ ಅಂಗಡಿಯವರು, “ಮನಿ ಹ್ಯಾಂಗದರಿ? ಗ್ವಾಡಿ ಎಷ್ಟ್ ದಪ್ಪದಾವು?” ಎಂದು ಮನೆ, ಗೋಡೆಗಳ ವಿಚಾರಣೆ ಶುರು ಮಾಡಿದರು. ನನಗೆ ರೇಗಿತು. “ಗ್ವಾಡಿ ತಗೊಂಡು ಏನ್ ಮಾಡ್ತೀರಿ? ದರ ಬರೀರಿ” ಎಂದೆ. ಶುಕ್ರವಾರ ಯಾದಗಿರಿ. ಅಲ್ಲಿ ಆರು ಕೊಂಬಿನ, ನೀಲಿ ದೀಪದ ರೂಟರೊಂದನ್ನು ಕಂಡು ನಾನು ಸೋತುಹೋದೆ. ಕಚೇರಿಯ ದಪ್ಪ ಕಂದು ಹಾಳೆಯೊಂದನ್ನು ತಂದು ಪಟ್ಟಿ ಮಾಡಿದೆ: ಕೊಂಬು, ದೀಪ, ಗ್ಯಾರಂಟಿ, ಅಂಗಡಿಯವರ ನಡವಳಿಕೆ. ಕೊಂಬಿನಲ್ಲಿ ಯಾದಗಿರಿ ಗೆದ್ದಿತು. ಶನಿವಾರ ಬೆಳಿಗ್ಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿ, ಮತ್ತೆ ಬಸ್ಸು ಹತ್ತಿ ಅದನ್ನೇ ತಂದೆ.

ಬಂದವರಿಗೆಲ್ಲ ಕಾಣಲಿ ಎಂದು ಪಡಸಾಲೆಯ ಬಾಗಿಲ ಮೇಲೆ ಅದನ್ನು ಕೂಡಿಸಿದೆ. ದೀಪಗಳೆಲ್ಲ ಹತ್ತಿದವು. ನಾನು ಕೈ ಕಟ್ಟಿಕೊಂಡು ನೋಡುತ್ತ ನಿಂತೆ. ಅಷ್ಟರಲ್ಲಿ ಒಳಮನೆಯಿಂದ ಮಹಾದೇವಿಯ ದನಿ ಬಂತು: “ಏನೂ ಬರವಲ್ದರಿ!” ಪಡಸಾಲೆಗೂ ಒಳಮನೆಗೂ ನಡುವೆ ನಮ್ಮ ಅಜ್ಜ ಕಟ್ಟಿಸಿದ ಎರಡು ಕಲ್ಲಿನ ಗೋಡೆಗಳಿವೆ, ಒಂದೊಂದೂ ಎರಡು ಮೊಳ ದಪ್ಪ. ಆರು ಕೊಂಬೂ ಸೇರಿ ಆ ಗೋಡೆಯನ್ನು ತಿವಿದು ಸೋತಿದ್ದವು. ಇನ್ನೂ ದೊಡ್ಡ ರೂಟರಿಗೆ ದರಪಟ್ಟಿ ಕರೆಯೋಣವೇ ಎಂದು ನಾನು ಬಾಯಿ ತೆರೆದೆ. ಮಹಾದೇವಿ ನನ್ನನ್ನೇ ದಿಟ್ಟಿಸಿ ಹೇಳಿದಳು: “ಮೂರ್ ಊರಾಗ ದರ ಕೇಳಿ ಬಂದ್ರಿ. ಮನಿ ಅಳತಿ ತಗೊಂಡ್ರೇನ್ರಿ? ಮೈ ಅಳತಿ ತಗೊಳ್ದ ನಾ ಯಾವತ್ತಾರ ಬಟ್ಟಿಗೆ ಕತ್ರಿ ಹಚ್ಚೀನೇನು?” ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕಡತಕ್ಕೆ ಇಂಥ ಆಕ್ಷೇಪಣೆ ಬಂದಿರಲಿಲ್ಲ.

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡಳು, ಮೊಬೈಲು ಹಿಡಿದು ಮಿಷನ್ನಿನ ಮುಂದೆ ಕೂತಳು. ತಂತಿಯ ಸುರುಳಿ ಬಿಚ್ಚಿ, ಉದ್ದ ವೈರಿನ ಬೋರ್ಡ್ ಹಚ್ಚಿ, ರೂಟರನ್ನು ತಲೆಯ ಮೇಲೆ ಹೊತ್ತು ನಾನು ಮನೆಯೆಲ್ಲ ತಿರುಗಿದೆ. “ಹಿಂದಕ್ಕ ಬರ್ರಿ. ಒಂದ್ ಗೇಣು ಎಡಕ್ಕ. ಜರಾ ಕೆಳಗ... ನಿಂದರ್ರಿ! ಬಂತು, ಪೂರಾ ಬಂತು!” ನಾನು ನಿಂತಿದ್ದು ನಡುಮನೆಯಲ್ಲಿ, ಒಳಮನೆಯ ಬಾಗಿಲಿಗೆ ನೇರವಾಗಿ, ನನ್ನ ಹಳೆಯ ಕಡತಗಳು ತುಂಬಿದ್ದ ಗೋಡೆಗೂಡಿನ ಮುಂದೆ. ಹದಿನೈದು ವರ್ಷದಿಂದ ನಾನು ಯಾರಿಗೂ ಮುಟ್ಟಲು ಬಿಡದ ಕಡತಗಳು ಹದಿನೈದು ನಿಮಿಷದಲ್ಲಿ ಅಟ್ಟ ಸೇರಿದವು. ಗೂಡು ಚಿಕ್ಕದು, ನಾಲ್ಕು ಕೊಂಬು ಮಡಚಬೇಕಾಯಿತು. ಉಳಿದದ್ದು ಎರಡು. ಖಾಜಾಸಾಬರಿಗೆ ದಯವಿಟ್ಟು ಯಾರೂ ಹೇಳಬೇಡಿ.

ಭಾನುವಾರ ಹನ್ನೊಂದಕ್ಕೆ ಹನ್ನೆರಡು ಮುಖಗಳೂ ಮೊಬೈಲಿನಲ್ಲಿ ಮೂಡಿದವು. ಮಾದರಿ ಕತ್ತರಿಸಿ ತೋರಿಸಲು ಮಹಾದೇವಿಗೆ ದಪ್ಪ ಕಾಗದ ಬೇಕಿತ್ತು. ಕೈಗೆ ಸಿಕ್ಕ ಕಂದು ಹಾಳೆಯನ್ನು ಮಡಚಿ, ಗುರುತು ಹಾಕಿ, ಕತ್ತರಿ ಆಡಿಸಿದಳು. ನಾನು ಬಾಗಿಲಲ್ಲಿ ನಿಂತು ರೂಟರಿನ ದೀಪ ಕಾಯುತ್ತಿದ್ದೆ. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ. ಕೊಂಕಲ್ಲಿನಲ್ಲಿ ಶಾಂತಮ್ಮ ಹೊಸ ಖಣದ ಮೇಲೆ ಕತ್ತರಿ ಇಟ್ಟು, “ಟೀಚರ್, ಅದಿರೇನ್ರಿ?” ಎಂದಳು. “ಇಲ್ಲೇ ಅದೀನವ್ವ, ಎಲ್ಲೂ ಹೋಗಂಗಿಲ್ಲ. ನೀ ಕತ್ತರಿಸು” ಎಂದಳು ಮಹಾದೇವಿ. ಶಾಂತಮ್ಮ ಕತ್ತರಿಸಿ ಎತ್ತಿ ಹಿಡಿದಳು. ಕೊರಳು ಗುಂಡಗೆ, ಎಲ್ಲಿರಬೇಕೋ ಅಲ್ಲೇ ಇತ್ತು. ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಟವೆಲ್ಲು ಹುಡುಕಿದೆ, ಸುಳ್ಳು ಯಾಕೆ ಹೇಳಲಿ.

ಆಗ ದೇವಾಪುರದವಳೊಬ್ಬಳು, “ಟೀಚರ್, ನಿಮ್ಮ ಕಾಗದದ ಭುಜದ ಮ್ಯಾಲ ಏನೋ ಬರದು ಸಹಿ ಮಾಡ್ಯಾರಲ್ರಿ?” ಎಂದು ಕೇಳಿದಳು. ನಾನು ಕತ್ತು ಚಾಚಿ ನೋಡಿದೆ. ‘ಪರಿಶೀಲಿಸಲಾಗಿದೆ.’ ಕೆಳಗೆ ನನ್ನ ಸಹಿ. ನನ್ನ ಹೋಲಿಕೆಯ ಪಟ್ಟಿ ಜಂಪರಿನ ಬೆನ್ನಾಗಿತ್ತು, ಕೊಂಬಿನ ಕಾಲಂ ತೋಳಿನ ಸುತ್ತಿನಲ್ಲಿ ಅರ್ಧ ಹೋಗಿತ್ತು. “ಅದು ನಮ್ಮ ಮನಿಯವ್ರು ಬರದದ್ದವ್ವ. ಅದನ್ನೇನು ನೋಡ್ತೀರಿ, ಅಳತಿ ನೋಡ್ರಿ” ಎಂದಳು ಮಹಾದೇವಿ. ಹನ್ನೆರಡು ಮಂದಿಯೂ ಅಳತೆ ಬರೆದುಕೊಂಡರು. ನಾನು ಸಹಿ ಹಾಕಿದ ಕಾಗದವೊಂದರಿಂದ ಮರುದಿನವೇ ಹನ್ನೆರಡು ಜನರಿಗೆ ಕೆಲಸವಾದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.