ಇಸ್ತ್ರಿ ಗೆರೆಯ ಈಜುಚಡ್ಡಿ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ಯಾಂಟು ಹೊಲಿಯುತ್ತಿರುವ ಗೌಸಮೊದ್ದೀನನೆಂಬ ನಾನು ರೆಡಿಮೇಡ್ ಚಡ್ಡಿ ತೊಟ್ಟು ಅರಬ್ಬಿ ಸಮುದ್ರಕ್ಕೆ ಇಳಿಯುವುದೆ? ಸಾಧ್ಯವೇ ಇಲ್ಲ! ಹೀಗೆಂದು ಕತ್ತರಿ ಎತ್ತಿ ಘೋಷಿಸಿದೆ. ಅಂಗಡಿಯ ಟೇಬಲ್ ಫ್ಯಾನು ಬೇಡ ಬೇಡ ಎಂಬಂತೆ ಗೋಣು ಆಡಿಸಿತು. ನನ್ನ ಹೆಂಡತಿ ಹುಸ್ನಾ ಬಾಯಿಬಿಟ್ಟೇ ಹೇಳಿದಳು.

"ಬ್ಯಾಡ್ರಿ. ನಿಮ್ಮ ಆಫೀಸ್ ಪ್ಯಾಂಟ ಬ್ಯಾರೆ, ಸಮುದ್ರದ ಚಡ್ಡಿ ಬ್ಯಾರೆ. ಪ್ಯಾಟ್ಯಾಗ ಇಲಾಸ್ಟಿಕ್‌ದ್ದು ಸಿಗತಾವ, ಒಂದು ತಗೊಂಡ್ ಬರೂಣು."

"ಇಲಾಸ್ಟಿಕ್? ಅಳತಿ ತಗಿಯಾಕ ಬರದವ್ರು ಇಲಾಸ್ಟಿಕ್ ಹಚ್ಚತಾರ! ನಾ ಗುಂಡಿ ಹಚ್ಚಾಂವ!"

ಇದಕ್ಕೆಲ್ಲ ಮೂಲ ಹುಸ್ನಾಳ ತಮ್ಮ ಆಫ್ತಾಬ. ಪಣಜಿಯಲ್ಲಿ ಫ್ರಿಜ್ ರಿಪೇರಿ ಮಾಡುತ್ತಾನೆ. ಒಂದು ದಿನ ಫೋನು ಮಾಡಿ, "ಭಾವಾ, ಎಷ್ಟ ದಿನಾ ಮಷೀನ್ ತುಳೀತೀರಿ? ಇಲ್ಲಿ ಬರ್ರಿ. ಮೀರಾಮಾರದಿಂದ ದೋನಾ ಪಾವಲಾ ತನಕಾ ಸಮುದ್ರದ ದಂಡಿ ಗುಂಟ ನಡೀರಿ. ನಡುವ ಎರಡು ಸಲ ಈಜ್ರಿ, ಎರಡು ಸಲ ಉಣ್ರಿ" ಎಂದ. ಊಟವನ್ನೂ ವ್ಯಾಯಾಮವನ್ನೂ ಇಷ್ಟು ಸಮಾನವಾಗಿ ಹಂಚಿದ ಯೋಜನೆಯನ್ನು ನಾನು ಕೇಳಿಯೇ ಇರಲಿಲ್ಲ. ಕೂಡಲೆ ಒಪ್ಪಿದೆ.

ಚಡ್ಡಿಯ ನಿರ್ಮಾಣಕಾರ್ಯ ಮೂರು ದಿನ ನಡೆಯಿತು. ನೀಲಿ ಬಟ್ಟೆ, ಆರು ಜೇಬು, ಒಳಗೆ ಅಸ್ತರು, ಮುಂದೆ ಒಂದು ಹಿತ್ತಾಳೆ ಗುಂಡಿ. ಕೊನೆಗೆ ಇಸ್ತ್ರಿ ಮಾಡಿ ಎರಡೂ ಕಾಲಿಗೆ ಕತ್ತಿಯಂಥ ಗೆರೆ ಎಬ್ಬಿಸಿದೆ.

"ಸಮುದ್ರದಾಗ ಇಸ್ತ್ರಿ ಗೆರಿ ಯಾರು ನೋಡ್ತಾರ್ರಿ? ಮೀನಾ?" ಎಂದಳು ಹುಸ್ನಾ.

"ನೋಡ್ಲಿ! ಅವಕೂ ಗೊತ್ತಾಗ್ಲಿ, ಹುಬ್ಬಳ್ಳಿ ಟೇಲರ್ ಬಂದಾನ ಅಂತ!"

ನನ್ನ ಸೊಂಟದ ಅಳತೆಯನ್ನು ನಾನೇ ತೆಗೆದಿದ್ದೆ. ಟೇಪು ತಗುಲಿದ ಕೂಡಲೆ ಹೊಟ್ಟೆ ತಾನಾಗಿ ಒಳಗೆ ಸರಿದಿತ್ತು. ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ "ಉಸರ ಬಿಡ್ರಿ" ಎನ್ನುವವನು ನನಗೆ ಮಾತ್ರ ಹೇಳಿಕೊಂಡಿರಲಿಲ್ಲ. ಮೂವತ್ನಾಲ್ಕು ಇಂಚು! ಸಂತೋಷದಿಂದ ಬರೆದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಮೀರಾಮಾರದ ದಂಡೆಯಲ್ಲಿ ನಮ್ಮ ಪಾದಯಾತ್ರೆ ಶುರುವಾಯಿತು. ನಾವು ಹಗುರಾಗಿ ನಡೆಯಲಿ ಎಂದು ಆಫ್ತಾಬ ನನ್ನ ಪ್ಯಾಂಟು, ಶರ್ಟು, ಇಬ್ಬರ ಫೋನು ಎಲ್ಲವನ್ನೂ ಚೀಲಕ್ಕೆ ತುಂಬಿ, "ದೋನಾ ಪಾವಲಾದ ಹೋಟೆಲಿನ್ಯಾಗ ಕಾಯತೇನಿ" ಎಂದು ಸ್ಕೂಟರಿನಲ್ಲಿ ಹೋಗಿಬಿಟ್ಟ. ಉಳಿದದ್ದು ನನ್ನ ಮೈಮೇಲಿನ ಬನಿಯನ್, ಚಡ್ಡಿ, ಹಾಗೂ ಮರಳಿನ ಮೇಲೆ ಹಾಸಲು ಹುಸ್ನಾ ತಂದಿದ್ದ ಹೂವಿನ ಚಾದರ.

ಮೊದಲ ಈಜು ಅಮೋಘವಾಗಿತ್ತು! ಹತ್ತು ನಿಮಿಷ ತೇಲಿದೆ, ಮಗುಚಿದೆ, ಎದ್ದೆ. ಚಡ್ಡಿ ಅಲುಗಲಿಲ್ಲ.

"ನೋಡಿದೆ ಇಲ್ಲೋ?"

"ನೋಡಿದ್ನಿರಿ. ಗೆರಿ ಹೋಗೇತಿ," ಎಂದಳು ಹುಸ್ನಾ.

ಆಮೇಲೆ ದಂಡೆಯ ಪಕ್ಕದ ಖಾನಾವಳಿಯಲ್ಲಿ ಮೊದಲ ಊಟ. ರವೆ ಹಚ್ಚಿ ಕರಿದ ಇಸ್ವಣ ಮೀನು, ಸೀಗಡಿ ಸಾರು, ಗುಡ್ಡದಂತೆ ಅನ್ನ. ನಾನು ಮೀನಿಗೆ ಅನ್ಯಾಯ ಮಾಡಲಿಲ್ಲ, ಸಾರಿಗೂ ಮಾಡಲಿಲ್ಲ. ಎದ್ದಾಗ ಗುಂಡಿ ಸಣ್ಣಗೆ ನರಳಿದಂತಾಯಿತು. ಲಕ್ಷ್ಯ ಕೊಡಲಿಲ್ಲ.

ಮರಳಿನಲ್ಲಿ ಮೆಲ್ಲಗೆ ನಡೆದು ಕರಂಜಾಳೆ ದಂಡೆ ಮುಟ್ಟಿದೆವು. ಎರಡನೆಯ ಈಜು! ನಾಲ್ಕು ಹುಡುಗಿಯರು ಸೆಲ್ಫಿ ತೆಗೆಯುತ್ತಿದ್ದರು, ಒಂದು ದೊಡ್ಡ ಕುಟುಂಬ ವಾಲಿಬಾಲ್ ಆಡುತ್ತಿತ್ತು. ಪ್ರೇಕ್ಷಕರಿದ್ದಾರೆಂದು ಉಬ್ಬಿ, ಎದೆಯುದ್ದ ನೀರಿಗೆ ಓಡಿಹೋಗಿ ದೀರ್ಘವಾಗಿ ಉಸಿರೆಳೆದು ಜಿಗಿದೆ.

ಟಪ್!

ಗುಂಡಿ ಗುಂಡಿನಂತೆ ಹಾರಿತು. ಆರೂ ಜೇಬುಗಳು ನೀರು ತುಂಬಿಕೊಂಡವು, ಅಲೆ ಹಿಂದಕ್ಕೆ ಸರಿಯಿತು, ಜೊತೆಗೆ ನನ್ನ ಮೂರು ದಿನಗಳ ಶ್ರಮವೂ ಸರಿಯಿತು. ಕೈ ಚಾಚಿದೆ, ಕಾಲು ಚಾಚಿದೆ. ನೀಲಿ ಸಮುದ್ರದಲ್ಲಿ ನೀಲಿ ಚಡ್ಡಿಯನ್ನು ಎಲ್ಲಿ ಹುಡುಕುವುದು? ಮಾನವೆಂದರೆ ಅಳತೆಯೂ ಹೌದು, ಮರ್ಯಾದೆಯೂ ಹೌದು. ಅಂದು ನನಗೆ ಎರಡೂ ತಪ್ಪಿದವು!

ಮೇಲಾಗಿ ಇಳಿತದ ಹೊತ್ತು. ಎದೆಯವರೆಗಿದ್ದ ನೀರು ಹೊಟ್ಟೆಗೆ ಬಂತು. ನಾನು ಕುಕ್ಕರಿಸಿದೆ. ಇನ್ನಷ್ಟು ಇಳಿಯಿತು. ಕುಕ್ಕರಿಸಿಕೊಂಡೇ ಕಪ್ಪೆಯಂತೆ ಹಿಂದೆ ಹಿಂದೆ ಸರಿದೆ. ಚಾದರ ತಾ ಎಂದು ಹುಸ್ನಾಗೆ ಎರಡೂ ಕೈ ಬೀಸಿದೆ.

ಕುತ್ತಿಗೆಯಿಂದ ಮೇಲೆ ಮಾತ್ರ ಕಾಣುವ ಮನುಷ್ಯ ಎರಡೂ ಕೈ ಬೀಸಿದರೆ ದಂಡೆಯಲ್ಲಿದ್ದವರು ಏನು ತಿಳಿಯುತ್ತಾರೆ?

"ಯಾರರ ಬರ್ರಿ! ನಮ್ಮ ಮನಿಯವ್ರು ಮುಳಗಾಕತ್ತಾರ!" ಎಂದು ಹುಸ್ನಾ ಕೂಗಿದಳು. ಸೀಟಿ ಮೊಳಗಿತು. ಕಾವಲಿಗಿದ್ದ ಲೈಫ್‌ಗಾರ್ಡ್ ಕೆಂಪು ತೇಲುಬುರುಡೆ ಹಿಡಿದು ನೀರಿಗೆ ಧುಮುಕಿದ.

"ಬ್ಯಾಡ! ಬರಬ್ಯಾಡ! ನಾ ಛಲೋ ಅದೇನಿ!" ಎಂದು ಅರಚುತ್ತ ನಾನು ದೂರ ಈಜಿದೆ. ಕಾಪಾಡಲು ಬಂದವನಿಂದ ತಪ್ಪಿಸಿಕೊಂಡು ಓಡಿದ ಮುಳುಗುವ ಮನುಷ್ಯ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು! ವಾಲಿಬಾಲ್ ನಿಂತಿತು. ಸೆಲ್ಫಿಗಳು ನನ್ನ ಕಡೆ ತಿರುಗಿದವು.

ಅಷ್ಟರಲ್ಲಿ ನಾನು ಕನಸಿನಲ್ಲೂ ಎಣಿಸದ ದೃಶ್ಯ ಕಂಡಿತು. ಹುಸ್ನಾಗೆ ನೀರೆಂದರೆ ವಿಪರೀತ ಹೆದರಿಕೆ. ನಮ್ಮೂರಿನ ಉಣಕಲ್ ಕೆರೆಯನ್ನೂ ರಸ್ತೆಯ ಆಚೆ ಬದಿಯಿಂದ ನೋಡುವವಳು. ಅಂಥವಳು ಚಾದರವನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು, ಸೊಂಟದುದ್ದ ನೀರಿನಲ್ಲಿ ನನ್ನತ್ತ ಬರುತ್ತಿದ್ದಳು!

"ಹೆದರಬ್ಯಾಡ್ರಿ! ನಾ ಬಂದೆ!"

"ಮುಳಗಾಕತ್ತಿಲ್ಲ! ಚಡ್ಡಿ ಹೋತು!"

"ಏನ ಹೋತು?"

"ಚಡ್ಡಿ!"

"ನೀರಿನ ಸಪ್ಪಳಾ ಭಾಳ ಐತಿ, ಗಟ್ಟಿ ಹೇಳ್ರಿ!"

ಗಂಟಲು ಹರಿಯುವಂತೆ "ಚಡ್ಡೀ!" ಎಂದೆ. ಅದೇ ಕ್ಷಣಕ್ಕೆ ಸಮುದ್ರ ಮೌನ ತಾಳಿತು. ಗೋವೆಯ ದಂಡೆಯಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಎದ್ದ ನಗು ಕೇಳಿದರೆ, ಅರ್ಧ ಹುಬ್ಬಳ್ಳಿ ಅಲ್ಲೇ ರಜೆ ಕಳೆಯುತ್ತಿತ್ತು!

ಹುಸ್ನಾ ಕಣ್ಣು ತೆರೆದಳು. ನನ್ನನ್ನು ನೋಡಿದಳು. ನಗಲು ಬಾಯಿ ತೆರೆದವಳಿಗೆ ಹಿಂದಿನಿಂದ ಅಲೆ ಬಡಿಯಿತು. ಮಗುಚಿ ನೀರೊಳಗೆ ಮಾಯವಾದಳು. ಆಗ ನನಗೆ ಚಡ್ಡಿಯೂ ನೆನಪಿರಲಿಲ್ಲ, ಮಾನವೂ ನೆನಪಿರಲಿಲ್ಲ. ಹಾರಿ ಅವಳ ರಟ್ಟೆ ಹಿಡಿದು ಮೇಲೆತ್ತಿದೆ. ಒದ್ದೆ ಚಾದರ ಇಬ್ಬರಿಗೂ ಸುತ್ತಿಕೊಂಡಿತು. ಉಪ್ಪುನೀರು ಉಗುಳುತ್ತ, ಅಳುತ್ತ, ನಗುತ್ತ ಅವಳು, "ಹೋಗ್ಲಿ ಬಿಡ್ರಿ, ಚಡ್ಡಿ ಹೋತು. ನೀವ ಹೋದ್ರಿ ಅಂತ ತಿಳದಿದ್ನಿ ನಾ" ಎಂದಳು. ನನ್ನ ಕಣ್ಣಿಗೂ ಉಪ್ಪುನೀರು ಬಂತು. ಸಮುದ್ರದ್ದೇ ಇರಬೇಕು.

ಲೈಫ್‌ಗಾರ್ಡ್ ನಮ್ಮಿಬ್ಬರನ್ನೂ ಅಗಸನ ಗಂಟಿನಂತೆ ದಂಡೆಗೆ ಎಳೆದು ತಂದ. ಹುಸ್ನಾ ಚಾದರವನ್ನು ನನ್ನ ಸೊಂಟಕ್ಕೆ ಬಿಗಿಯಾಗಿ ಕಟ್ಟಿದಳು. ಅವನು ನನ್ನ ಮುಖವನ್ನು ದಿಟ್ಟಿಸಿ, "ನೀವು ದೇಶಪಾಂಡೆ ನಗರದ ಟೇಲರ್ ಗೌಸಣ್ಣಾರ ಅಲ್ಲೇನ್ರಿ?" ಎಂದ.

"ಅಲ್ಲಪಾ, ನಾ ಬೆಳಗಾವಿಯಾಂವ."

"ಏ, ನೀವ ಬಿಡ್ರಿ! ನಾ ಅಮ್ಮಿನಬಾವಿ ಲಕ್ಕಪ್ಪ. ನನ್ನ ಮದಿವಿ ಪ್ಯಾಂಟ ನೀವ ಹೊಲದಿದ್ರಿ!"

ಬಾವಿ ಊರಿನವನು ಬಂದು ಸಮುದ್ರ ಕಾಯಬೇಕೆ? ಅದೂ ನಾನು ಇಳಿದ ದಿನವೇ?

"ಪ್ಯಾಂಟ ಹೆಂಗೈತಪಾ?" ಎಂದೆ, ಉಳಿದಿದ್ದ ಅಷ್ಟಿಷ್ಟು ಮರ್ಯಾದೆಯನ್ನು ಚಾದರದ ಜೊತೆ ಹಿಡಿದುಕೊಂಡು.

"ಇನ್ನೂ ಐತ್ರಿ ಅಣ್ಣಾರ. ಆದ್ರ ಸಮುದ್ರಕ್ಕ ಹಾಕ್ಕೊಂಡ್ ಬಂದಿಲ್ಲ."

ಉಳಿದ ದಾರಿಯನ್ನು ಹೂವಿನ ಚಾದರದಲ್ಲೇ ನಡೆದೆ. ದೋನಾ ಪಾವಲಾದ ಹೋಟೆಲಿನಲ್ಲಿ ಆಫ್ತಾಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ ಚೀಲ ಕೊಟ್ಟ. ಕೇಳಬೇಕಾದ್ದನ್ನೆಲ್ಲ ಅಕ್ಕನನ್ನು ಕೇಳಿದ. ಅವಳು ಎರಡನೆಯ ಊಟ ಮುಗಿಯುವವರೆಗೂ ಹೇಳಿದಳು. ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸಿದೆ.

ಊರಿಗೆ ಮರಳಿ ಎರಡು ದಿನ ಶಾಂತವಾಗಿತ್ತು. ಪಣಜಿಯ ಸುದ್ದಿ ಪಣಜಿಯಲ್ಲೇ ಉಳಿಯಿತೆಂದು ನಂಬಿದ್ದೆ. ಬುಧವಾರ ಅಂಗಡಿಗೆ ಒಬ್ಬ ಹೆಂಗಸು ಬಂದು, ಗಂಡನ ಪ್ಯಾಂಟಿಗೆಂದು ಬಟ್ಟೆ ಮುಂದಿಟ್ಟಳು.

"ನಾ ಶಿವಲಿಂಗವ್ವ ರೀ. ಅಮ್ಮಿನಬಾವಿಯಾಕಿ. ಲಕ್ಕಪ್ಪ ನಮ್ಮ ಅಕ್ಕನ ಮಗ."

ನನ್ನ ಕೈಯಿಂದ ಟೇಪು ಜಾರಿತು.

"ನಿಮ್ಮ ಹೊಲಿಗಿ ಮ್ಯಾಲೆ ನಮಗ ಪೂರಾ ಭರೋಸಾ ಐತ್ರಿ, ಅಣ್ಣಾರ," ಎಂದಳು ಆಕೆ ಬಹಳ ಮರ್ಯಾದೆಯಿಂದ. "ಪ್ಯಾಂಟ ನೀವ ಹೊಲೀರಿ. ಗುಂಡಿ ಅಷ್ಟು ನಿಮ್ಮ ಮನಿಯವ್ರ ಕಡಿಂದ ಹಚ್ಚಸ್ರಿ!"

ನಾನು ಬಗ್ಗಿ ಟೇಪು ಎತ್ತಿಕೊಂಡೆ. ಹುಸ್ನಾ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು.